ಬೆನ್ನ ಮೇಲೆ ಹೂದಾನಿ ಹೊತ್ತ ಆನೆ

ಬೀಜಿಂಗಿನ ಹಳೇ ಅರಮನೇಲಿ ಥೈಹ ದ್ಯೆನ್ ಅಂತ ಒಂದು ದೊಡ್ಡ ಸಭಾಂಗಣ ಇದೆ, ಚಕ್ರವರ್ತಿಗಳ ಸಿಂಹಾಸನ ಇರೋದು ಅಲ್ಲೇ. ಒಳಗೆ ಯಾರನ್ನೂ ಬಿಡಲ್ಲ. ಬಾಗಿಲಿಗೆ ಅಡ್ಡ ಕಟ್ಟಿರ್ತಾರೆ, ಅದಕ್ಕೆ ಒತ್ಕೊಂಡು ನೂರಾರು ಜನ, ಎಲ್ರ ಕೈಯಲ್ಲೂ ಮೇಲೆತ್ತಿದ ಮೊಬೈಲು, ಹಿಂದಿನಿಂದ ತಳ್ಳಾಟ. ನಾನು ಮೊದಲನೇ ಸಲ ಹೋದಾಗ ಮುಂದಿನ ಸಾಲಲ್ಲಿ ನನಗೆ ಸಿಕ್ಕಿದ್ದು ಅರ್ಧ ನಿಮಿಷ ಇರಬಹುದು. ಚಿನ್ನದ ಕಂಬ, ಕಂಬಕ್ಕೆ ಸುತ್ತಿದ ಡ್ರ್ಯಾಗನ್ನು, ಸಿಂಹಾಸನ ಎಲ್ಲಾ ಎದುರಿಗೇ ಇತ್ತು, ಆದ್ರೆ ನನ್ನ ಕಣ್ಣು ಹೋಗಿ ನಿಂತಿದ್ದು ಸಿಂಹಾಸನದ ಆಚೆ ಈಚೆ ಇದ್ದ ಎರಡು ಆನೆ ಮೇಲೆ. ಮೈಯೆಲ್ಲಾ ಎನಾಮೆಲ್ಲು, ಬೆನ್ನ ಮೇಲೆ ಅಲಂಕಾರದ ಜೂಲು, ಅದರ ಮೇಲೆ ಒಂದು ಹೂದಾನಿ. ನಾನು ಹುಣಸೂರಿನ ಕಡೆಯವಳು, ದಸರಾಕ್ಕೆ ಗಜಪಯಣ ಹೊರಡೋ ವೀರನಹೊಸಹಳ್ಳಿ ನಮ್ಮ ತಾಲ್ಲೂಕೇ, ಆನೆ ಬೆನ್ನ ಮೇಲೆ ಅಂಬಾರಿ ನೋಡಿದೀನಿ, ಮರದ ದಿಮ್ಮಿ ನೋಡಿದೀನಿ, ಮಾವುತನ ಮಗು ಕೂತಿದ್ದೂ ನೋಡಿದೀನಿ. ಹೂದಾನಿ ನೋಡಿರ್ಲಿಲ್ಲ. ಇಷ್ಟು ದೊಡ್ಡ ಪ್ರಾಣಿ ಮೇಲೆ ಬರೀ ಒಂದು ಹೂದಾನಿ ಯಾಕೆ ಹೇರಿದ್ರು ಅಂತ ಆವತ್ತು ಹಿಡಿದ ಪ್ರಶ್ನೆ ನನ್ನನ್ನ ಬಿಡಲೇ ಇಲ್ಲ.

ಆಗ ನಾನು ಕೆಲಸದ ಮೇಲೆ ಬೀಜಿಂಗಲ್ಲಿ ಎರಡು ವರ್ಷ ಇದ್ದೆ. ಉತ್ತರ ಸಿಕ್ಕಿದ್ದು ಜೊತೆಗೆ ಕೆಲಸ ಮಾಡ್ತಿದ್ದ ಹುಡುಗಿಯೊಬ್ಬಳ ಅಜ್ಜಿಯಿಂದ. ಅಪ್ಪನ ಅಮ್ಮನ್ನ ಅಲ್ಲಿ ನೈನೈ ಅಂತಾರೆ, ನಾನೂ ಹಾಗೇ ಕರೀತಿದ್ದೆ. ನೈನೈ ವಯಸ್ಸಲ್ಲಿ ಮೂವತ್ತು ವರ್ಷ ಇದೇ ಎನಾಮೆಲ್ ಕೆಲಸ ಮಾಡಿದ್ದವರು, ಅದ್ರಲ್ಲೂ ತಂತಿ ಬಗ್ಗಿಸಿ ಅಂಟಿಸೋ ಕೆಲಸ. ನಾನು ಮೊಬೈಲಲ್ಲಿ ಮಸುಕು ಮಸುಕಾಗಿ ಬಂದಿದ್ದ ಆನೆ ಫೋಟೋ ತೋರಿಸಿ ಇದೇನು ಅಂತ ಕೇಳಿದ್ರೆ ಅವರು ಫೋಟೋ ನೋಡ್ಲೇ ಇಲ್ಲ, "ನೋಡಬೇಡ, ಓದು" ಅಂದ್ರು. ಏನು ಓದೋದು? "ಆನೆಗೆ ಏನಂತೀವಿ? ಶಿಯಾಂಗ್. ಹೂದಾನಿಗೆ? ಪಿಂಗ್. ಈಗ ಜೋರಾಗಿ ಹೇಳು."

ಥೈಪಿಂಗ್ ಯೌ ಶಿಯಾಂಗ್. ಚೀನೀ ಭಾಷೇಲಿ ಇದೊಂದು ಹಳೇ ಮಾತು. ಥೈಪಿಂಗ್ ಅಂದ್ರೆ ಮಹಾಶಾಂತಿ, ಯೌ ಅಂದ್ರೆ ಇದೆ, ಶಿಯಾಂಗ್ ಅಂದ್ರೆ ಲಕ್ಷಣ. ಲೋಕದಲ್ಲಿ ಶಾಂತಿಯ ಲಕ್ಷಣ ಕಾಣ್ತಿದೆ ಅಂತ ಅರ್ಥ. ಶಾಂತಿಯ ಪಿಂಗೂ ಹೂದಾನಿಯ ಪಿಂಗೂ ಬರೆಯೋದು ಬೇರೆ ಬೇರೆ ಥರ, ಕಿವಿಗೆ ಒಂದೇ. ಶಿಯಾಂಗ್ ಅಂತೂ ಅಕ್ಷರವೂ ಒಂದೇ, ಆನೆ ಅಂತಲೂ ಹೌದು ಲಕ್ಷಣ ಅಂತಲೂ ಹೌದು. ಅಂದ್ರೆ ಸಿಂಹಾಸನದ ಪಕ್ಕ ನಿಂತಿದ್ದದ್ದು ಆನೆ ಗೊಂಬೆ ಅಲ್ಲ, ಒಂದು ಪೂರ್ತಿ ವಾಕ್ಯ, ತಾಮ್ರದಲ್ಲಿ ಮಾಡಿ ಗಾಜು ಹೊದಿಸಿದ ವಾಕ್ಯ. ನನಗೆ ಮೈ ಜುಂ ಅಂತು. ಶ್ಲೇಷೆ ನಮಗೆ ಗೊತ್ತಿರೋದೇ, ಆದ್ರೆ ಅದು ಕಾವ್ಯದಲ್ಲಿ ಇರುತ್ತೆ, ಮಾತಲ್ಲಿ ಇರುತ್ತೆ. ಅದನ್ನ ಕುಲುಮೇಲಿ ಬೇಯಿಸಿ ನಾಲ್ಕು ಕಾಲ ಮೇಲೆ ನಿಲ್ಲಿಸಬಹುದು ಅಂತ ನನಗೆ ಹೊಳೆದಿರಲೇ ಇಲ್ಲ.

ಅಲ್ಲಿಂದ ಮುಂದೆ ನಾನು ಎಲ್ಲಿ ಈ ಥರದ ಪ್ರಾಣಿ ಕಂಡ್ರೂ ಮೊದಲು ಬಾಯಲ್ಲಿ ಹೆಸರು ಹೇಳಿ ನೋಡ್ತಿದ್ದೆ. ಮೀನು ಯು, ಮಿಗತೆ ಅನ್ನೋದೂ ಯು, ಹಾಗಾಗಿ ಮೀನಿದ್ರೆ ಮನೇಲಿ ಊಟ ಮಾಡಿ ಮಿಗುವಷ್ಟಿದೆ ಅಂತ. ಜಿಂಕೆ ಲು, ಸರ್ಕಾರಿ ಸಂಬಳವೂ ಲು. ಲಾವಕ್ಕಿ ಆನ್, ನೆಮ್ಮದಿಯೂ ಆನ್, ಅದಕ್ಕೇ ಲಾವಕ್ಕಿ ಆಕಾರದ ಪುಟ್ಟ ಡಬ್ಬಿಗಳು, ಧೂಪದ ಪಾತ್ರೆಗಳು ಜೋಡಿ ಜೋಡಿಯಾಗಿ ಸಿಗುತ್ವೆ, ರೆಕ್ಕೆ ಎತ್ತಿದ್ರೆ ಮುಚ್ಚಳ ಬರುತ್ತೆ. ಬೆಕ್ಕು ಚಿಟ್ಟೆ ಹಿಂದೆ ಹೋಗ್ತಿರೋ ಚಿತ್ರ ನೋಡಿ ನಾನು ಬರೀ ಮುದ್ದಾಗಿದೆ ಅನ್ಕೊಂಡಿದ್ದೆ, ಬೆಕ್ಕು ಮಾವ್, ಚಿಟ್ಟೆ ತಿಯೆ, ಎರಡೂ ಸೇರಿದ್ರೆ ಎಂಬತ್ತು ತೊಂಬತ್ತು ವರ್ಷದ ವಯಸ್ಸನ್ನ ಹೇಳೋ ಪದದ ಹತ್ತಿರದ ಉಚ್ಚಾರಣೆ. ವಯಸ್ಸಾದವರಿಗೆ ಕೊಡೋ ಹಾರೈಕೆ ಅದು. ಎಲ್ಲಾ ಪ್ರಾಣೀನೂ ಹೀಗೆ ಉಚ್ಚಾರಣೆಯಿಂದಲೇ ಬಂದಿದ್ದಲ್ಲ. ಕೊಕ್ಕರೆ ಥರದ ಕ್ರೇನ್ ಹಕ್ಕಿ ದೀರ್ಘಾಯಸ್ಸಿಗೆ, ಮ್ಯಾಂಡರಿನ್ ಬಾತುಕೋಳಿ ಜೋಡಿ ದಾಂಪತ್ಯಕ್ಕೆ, ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಗೆ. ಆದ್ರೂ ನನ್ನ ಮನಸ್ಸು ಹಿಡಿದಿಟ್ಟಿದ್ದು ಈ ಕಿವಿಯ ಪ್ರಾಣಿಗಳೇ.

ಬಾವಲಿ ವಿಷಯ ಬಿಟ್ಟು ಮುಂದೆ ಹೋಗೋಕಾಗಲ್ಲ. ನಮ್ಮೂರಲ್ಲಿ ಬಾವಲಿ ಮನೆಯೊಳಗೆ ಬಂತು ಅಂದ್ರೆ ಅಪಶಕುನ, ಅಮ್ಮ ಪೊರಕೆ ತಗೊಂಡು ಓಡಿಸಿ ಆಮೇಲೆ ದೇವರಿಗೆ ದೀಪ ಹಚ್ಚೋರು. ಅಲ್ಲಿ ಬಾವಲಿ ಫು, ಭಾಗ್ಯವೂ ಫು. ಹೂದಾನಿ ಕತ್ತಲ್ಲಿ, ತಟ್ಟೆ ಅಂಚಲ್ಲಿ, ಮೋಡಗಳ ನಡುವೆ ಎಲ್ಲೆಲ್ಲೂ ಬಾವಲಿ. ಐದು ಬಾವಲಿ ಇದ್ರೆ ಐದು ಭಾಗ್ಯ ಅಂದ್ರೆ ದೀರ್ಘಾಯಸ್ಸು, ಸಂಪತ್ತು, ಆರೋಗ್ಯ, ಸದ್ಗುಣದ ಮೇಲೆ ಪ್ರೀತಿ, ಕೊನೆಗೆ ಸುಖವಾದ ಸಾವು. ಕೆಂಪು ಬಾವಲಿ ಆದ್ರೆ ಇನ್ನೂ ದೊಡ್ಡದು, ಕೆಂಪಿಗೆ ಹೇಳೋ ಹಾಂಗ್ ಅನ್ನೋ ಶಬ್ದಕ್ಕೆ ಅಪಾರ ಅಂತಲೂ ಅರ್ಥ ಬರುತ್ತೆ. ತಲೆಕೆಳಗಾದ ಬಾವಲಿ ಇದ್ರೆ ಭಾಗ್ಯ ಬಂತು ಅಂತ, ಯಾಕಂದ್ರೆ ತಲೆಕೆಳಗು ಅನ್ನೋದೂ ಬರೋದು ಅನ್ನೋದೂ ಎರಡೂ ತಾವ್. ನೈನೈ ಮನೇಲಿ ಇದನ್ನ ಕೇಳಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐದನೇ ಭಾಗ್ಯ ಸುಖವಾದ ಸಾವು ಅಂತ ಹೂದಾನಿ ಮೇಲೆ ಬರೆದು ಮನೆ ನಡುವೆ ಇಡೋ ಜನ, ನಮ್ಮಜ್ಜಿ ದಿನಾ ಸಂಜೆ ಅನಾಯಾಸೇನ ಮರಣಂ ಅಂತ ಹೇಳ್ಕೊಳ್ತಿದ್ದದ್ದು ನೆನಪಾಗ್ತಾ ಇತ್ತು.

ಈ ಕಲೆಗೆ ಚೀನಾದಲ್ಲಿ ಜಿಂಗ್‌ಥೈಲಾನ್ ಅಂತಾರೆ. ಲಾನ್ ಅಂದ್ರೆ ನೀಲಿ, ಜಿಂಗ್‌ಥೈ ಅನ್ನೋದು ಮಿಂಗ್ ರಾಜವಂಶದ ಚಕ್ರವರ್ತಿಯೊಬ್ಬನ ಆಳ್ವಿಕೆಗೆ 1450ರಿಂದ 1457ರವರೆಗೆ ಇದ್ದ ಹೆಸರು. ಹೊರಗಡೆ ಕ್ಲಾಸನೇ ಅನ್ನೋ ಫ್ರೆಂಚ್ ಹೆಸರು ಜಾಸ್ತಿ ಓಡುತ್ತೆ. ಎನಾಮೆಲ್ ಅಂದ್ರೆ ಏನೋ ಭಾರಿ ವಿಷಯ ಅನ್ಕೋಬೇಡಿ, ನಮ್ಮ ಮನೆಗಳಲ್ಲಿ ನೀಲಿ ಅಂಚಿನ ಬಿಳಿ ತಟ್ಟೆ, ಲೋಟ ಇರ್ತಿದ್ವಲ್ಲ, ಬಿದ್ರೆ ಚಕ್ಕೆ ಎದ್ದು ಒಳಗಿನ ಕಬ್ಬಿಣ ಕಪ್ಪಗೆ ಕಾಣ್ತಿತ್ತಲ್ಲ, ಅದೂ ಎನಾಮೆಲ್ಲೇ. ಲೋಹದ ಮೇಲೆ ಕರಗಿಸಿ ಹಿಡಿಸಿದ ಗಾಜು, ಅಷ್ಟೇ.

ಆ ಅಷ್ಟೇ ಅನ್ನೋದ್ರಲ್ಲಿ ಎಷ್ಟು ಕೆಲಸ ಇದೆ ಅಂತ ನೈನೈ ತಮ್ಮ ಊಟದ ಟೇಬಲ್ ಮೇಲೆ ತೋರಿಸಿದ್ರು. ಮೊದಲು ತಾಮ್ರದ ತಗಡನ್ನ ಬಡಿದು ಆಕಾರ ಮಾಡ್ತಾರೆ. ಆಮೇಲೆ ಚಿಯಾ ಸಿ, ಅಂದ್ರೆ ಚಪ್ಪಟೆ ತಾಮ್ರದ ತಂತೀನ ಚಿಮಟದಲ್ಲಿ ಹಿಡಿದು ನಕ್ಷೆ ಪ್ರಕಾರ ಬಗ್ಗಿಸೋದು. ಬಗ್ಗಿಸಿದ ತಂತೀನ ಅಂಚಿನ ಮೇಲೆ ನಿಲ್ಲಿಸಿ ಅಂಟಿಸಬೇಕು, ಅಂಟು ಬರೋದು ಒಂದು ಜಾತಿ ಆರ್ಕಿಡ್ ಗಿಡದ ಗಡ್ಡೆಯಿಂದ, ಬೆಂಕಿಗಿಟ್ಟಾಗ ಆ ಅಂಟು ಸುಟ್ಟು ಹೋಗುತ್ತೆ, ಜೊತೆಗೆ ಉದುರಿಸಿದ ಬೆಸುಗೆ ಪುಡಿ ಕರಗಿ ತಂತಿ ಗಟ್ಟಿ ಕೂರುತ್ತೆ. ಹೀಗೆ ಮೈತುಂಬಾ ಪುಟ್ಟ ಪುಟ್ಟ ಮನೆ ಆಗುತ್ತೆ, ಚೌಕಾಬಾರದ ಮನೆ ಥರ, ಆದ್ರೆ ಒಂದೊಂದೂ ಒಂದೊಂದು ಆಕಾರ. ಆ ಮನೆಗಳಿಗೆ ಬಣ್ಣದ ಗಾಜಿನ ಪುಡೀನ ನೀರಲ್ಲಿ ಕಲಸಿ ತುಂಬಿಸ್ತಾರೆ, ಇದು ತಿಯೆನ್ ಲಾನ್. ಕೋಬಾಲ್ಟ್ ಇದ್ರೆ ಕಡು ನೀಲಿ, ತಾಮ್ರದಿಂದ ಆ ಹಸಿರು ಮಿಶ್ರಿತ ತಿಳಿನೀಲಿ. ಆಮೇಲೆ ಕುಲುಮೆ, ಸುಮಾರು 800 ಡಿಗ್ರಿ ಸೆಲ್ಸಿಯಸ್. ಪುಡಿ ಕರಗಿ ಗಾಜಾದಾಗ ಕುಗ್ಗಿ ತಂತಿಗಿಂತ ಕೆಳಗಿಳಿಯುತ್ತೆ, ಮತ್ತೆ ತುಂಬು, ಮತ್ತೆ ಸುಡು, ಮೂರು ಸಲ ನಾಲ್ಕು ಸಲ. ಕೊನೆಗೆ ಕಲ್ಲಲ್ಲಿ ಉಜ್ಜಿ ಇದ್ದಿಲಲ್ಲಿ ಉಜ್ಜಿ ಸಮ ಮಾಡಿ, ತಂತಿ ಮೇಲೆ ಚಿನ್ನದ ಲೇಪ.

ತಂತಿ ಬರೀ ಗೆರೆ ಅಲ್ಲ ಅಂತ ನನಗೆ ಅರ್ಥ ಆಗಿದ್ದೂ ಆಗಲೇ. ಅಗಲವಾದ ಖಾಲಿ ಜಾಗದಲ್ಲಿ ಗಾಜು ಗಟ್ಟಿಯಾಗಿ ನಿಲ್ಲಲ್ಲ, ಬಿರುಕು ಬಿಡುತ್ತೆ, ಎದ್ದು ಬರುತ್ತೆ. ಅದಕ್ಕೇ ಎಲ್ಲೂ ಖಾಲಿ ಬಿಡದೆ ಬಳ್ಳಿ, ಮೋಡ, ಸುರುಳಿ ತುಂಬಿರ್ತಾರೆ. ನೋಡೋರಿಗೆ ಅಲಂಕಾರ, ಮಾಡೋರಿಗೆ ಅದು ಆಧಾರ. ಪ್ರಾಣಿ ಮೈ ಅಂದ್ರೆ ಇನ್ನೂ ಕಷ್ಟ, ಹೂದಾನಿ ಥರ ಒಂದೇ ಉಬ್ಬಲ್ಲ, ಹೊಟ್ಟೆ ಕೆಳಗೆ, ಕಿವಿ ಹಿಂದೆ, ತೊಡೆ ಸಂದಿ, ಎಲ್ಲಾ ಕಡೆ ತಂತಿ ನಿಲ್ಲಬೇಕು, ಸೊಂಡಿಲ ಬಾಗಿನಲ್ಲಿ ಪುಡಿ ಜಾರದೆ ನಿಲ್ಲಬೇಕು. ಸಿಂಹದ ಕೇಸರಕ್ಕೆ ಸುರುಳಿ, ಕ್ರೇನಿನ ರೆಕ್ಕೆಗೆ ಮೀನಿನ ಹುರುಪೆ ಥರದ ಮನೆಗಳು, ಆನೆಗೆ ಚರ್ಮದ ಮಡಿಕೆ. "ಎಲ್ಲದಕ್ಕಿಂತ ಆನೆ ಮೊಣಕಾಲು ಕಷ್ಟ" ಅಂತ ನೈನೈ ಹೇಳಿದ್ರು, ಯಾಕೆ ಅಂದ್ರೆ ಆ ಮಡಿಕೆ ಎತ್ಲಾಗೆ ಹೋಗುತ್ತೆ ಅಂತ ಅವರಿಗೆ ಖಾತ್ರಿ ಇರಲಿಲ್ಲವಂತೆ. ನಕ್ಷೇಲಿ ಇದ್ದ ಹಾಗೆ ಬಗ್ಗಿಸ್ತಿದ್ರು. ನಿಜವಾದ ಆನೆ ನೋಡಿದ್ದು ಚಿಕ್ಕವರಿದ್ದಾಗ ಒಂದೇ ಸಲ ಮೃಗಾಲಯದಲ್ಲಿ, ಅದೂ ದೂರದಿಂದ.

ಇದನ್ನ ಕೇಳಿದ ಮೇಲೆ ನನಗೆ ಒಂದು ಹಳೇ ಮಾತು ಸಿಕ್ಕಿತು. ಕ್ರಿಸ್ತಪೂರ್ವ ಮೂರನೇ ಶತಮಾನದ ಹಾನ್ ಫೈ ಅನ್ನೋ ಚಿಂತಕ ಹೇಳಿದ್ದು, ಜನ ಜೀವಂತ ಆನೆ ನೋಡೋದು ಅಪರೂಪ, ಸತ್ತ ಆನೆಯ ಮೂಳೆ ಸಿಗುತ್ತೆ, ಆ ಮೂಳೆ ಇಟ್ಕೊಂಡು ಜೀವಂತ ಆನೆ ಹೇಗಿತ್ತೋ ಅಂತ ಊಹಿಸ್ತಾರೆ, ಅದಕ್ಕೇ ಮನಸ್ಸಲ್ಲಿ ಊಹಿಸಿಕೊಂಡಿದ್ದಕ್ಕೆಲ್ಲ ಶಿಯಾಂಗ್ ಅನ್ನೋದು ಅಂತ. ಆನೆ, ಲಕ್ಷಣ, ಚಿತ್ರ, ಕಲ್ಪನೆ ಎಲ್ಲಕ್ಕೂ ಒಂದೇ ಪದ ಆಗಿದ್ದಕ್ಕೆ ಅವನು ಕೊಟ್ಟ ವಿವರಣೆ ಇದು. ಭಾಷಾಶಾಸ್ತ್ರದ ಲೆಕ್ಕದಲ್ಲಿ ಅದು ಏನೇ ಆಗಿರ್ಲಿ, ಆ ಮಾತಿನ ಹಿಂದೆ ಒಂದು ನೋವಿದೆ. ಮೂರು ಸಾವಿರ ವರ್ಷದ ಹಿಂದೆ ಹಳದಿ ನದಿಯ ಬಯಲಲ್ಲೇ ಆನೆ ಇದ್ವು, ಶಾಂಗ್ ರಾಜರ ರಾಜಧಾನಿ ಆನ್ಯಾಂಗಿನ ಉತ್ಖನನದಲ್ಲಿ ಆನೆ ಮೂಳೆ ಸಿಕ್ಕಿದೆ, ಆ ಊರಿರೋ ಹೆನಾನ್ ಪ್ರಾಂತ್ಯದ ಚಿಕ್ಕ ಹೆಸರಿಗೆ ಬರೆಯೋ ಅಕ್ಷರದೊಳಗೆ ಈಗಲೂ ಆನೆಯ ಅಕ್ಷರ ಕೂತಿದೆ. ಕಾಡು ಕಡಿದ್ರು, ಹೊಲ ಮಾಡಿದ್ರು, ಚಳಿಯೂ ಹೆಚ್ಚಿತು, ಆನೆ ದಕ್ಷಿಣಕ್ಕೆ ಸರೀತಾ ಸರೀತಾ ಹೋಯ್ತು. ಇವತ್ತು ಚೀನಾದಲ್ಲಿ ಕಾಡಾನೆ ಉಳಿದಿರೋದು ನೈಋತ್ಯದ ಯುನ್ನಾನ್ ಪ್ರಾಂತ್ಯದಲ್ಲಿ ಮಾತ್ರ, ಸುಮಾರು 300. ಪ್ರಾಣಿ ಹೊರಟುಹೋಯ್ತು, ಪದ ಉಳೀತು, ಆ ಪದದಿಂದ ಮತ್ತೆ ತಾಮ್ರದ ಪ್ರಾಣಿ ಮಾಡಿದ್ರು.

ಮಿಂಗ್ ಮತ್ತು ಅದರ ನಂತರದ ಚಿಂಗ್ ರಾಜವಂಶದ ಕಾಲದಲ್ಲಿ ಬೀಜಿಂಗಿಗೆ ಆನೆ ಬರ್ತಿದ್ದದ್ದು ಕಪ್ಪಕಾಣಿಕೆಯಾಗಿ, ವಿಯೆಟ್ನಾಂ ಕಡೆಯಿಂದ, ಬರ್ಮಾ ಕಡೆಯಿಂದ. ಅವಕ್ಕೇ ಒಂದು ಇಲಾಖೆ ಇತ್ತು, ದರ್ಬಾರಿನ ದಿನ ಅರಮನೆಯ ದಕ್ಷಿಣ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸ್ತಿದ್ರು. ವರ್ಷಕ್ಕೊಂದು ಸಲ, ಆರನೇ ಚಾಂದ್ರಮಾನ ತಿಂಗಳ ಆರನೇ ದಿನ, ಶ್ವಾನ್‌ವು ಅನ್ನೋ ಊರ ಕೋಟೆ ಬಾಗಿಲ ಹೊರಗಿನ ಕಂದಕದಲ್ಲಿ ಸ್ನಾನ, ಅದನ್ನ ನೋಡೋಕೆ ಇಡೀ ಊರು ಸೇರ್ತಿತ್ತು. ಹೊರಗೆ ಜೀವಂತ ಆನೆ, ಒಳಗೆ ಎನಾಮೆಲ್ ಆನೆ, ಎರಡೂ ಹೇಳ್ತಿದ್ದದ್ದು ಒಂದೇ ಮಾತು.

ಕಲೆಯೂ ಹೊರಗಿಂದಲೇ ಬಂದಿದ್ದು. ತಂತಿಯ ಮನೆಗೆ ಗಾಜು ತುಂಬೋ ವಿದ್ಯೆ ಬೈಜಾಂಟಿಯಂ ಅಂದ್ರೆ ಪೂರ್ವ ರೋಮನ್ ಸಾಮ್ರಾಜ್ಯ, ಇಸ್ಲಾಮಿ ಜಗತ್ತು, ಈ ಕಡೆಗಳಿಂದ ಮಂಗೋಲರ ಯುವಾನ್ ಕಾಲದಲ್ಲಿ ಚೀನಾ ತಲುಪಿತು. 1388ರಲ್ಲಿ ತ್ಸಾವ್ ಚಾವ್ ಅನ್ನೋ ಪಂಡಿತ ಕಲಾವಸ್ತುಗಳ ಬಗ್ಗೆ ಬರೀತಾ ಇದನ್ನ ಅರಬರ ಕೆಲಸ ಅಂತ ಕರೆದು, ಹೆಂಗಸರ ಕೋಣೆಗೆ ಸರಿ, ವಿದ್ವಾಂಸರ ಓದುವ ಕೋಣೆಗೆ ತಕ್ಕದ್ದಲ್ಲ ಅಂದ. ಐವತ್ತು ವರ್ಷ ಆಗೋ ಅಷ್ಟರಲ್ಲಿ ಶ್ವಾನ್‌ದ ಚಕ್ರವರ್ತಿ ಕಾಲದಲ್ಲಿ, 1426ರಿಂದ 1435ರ ನಡುವೆ, ಅರಮನೆಯ ಕಾರ್ಖಾನೆಯೇ ಡ್ರ್ಯಾಗನ್ ಸುತ್ತಿದ ದೊಡ್ಡ ಜಾಡಿಗಳನ್ನ ಮಾಡಿಸಿ ಅದರ ಮೇಲೆ ಚಕ್ರವರ್ತಿಯ ಮುದ್ರೆ ಹಾಕ್ತು. ಅಂಥ ಒಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅದರ ಜೋಡಿ ಜ್ಯೂರಿಕ್‌ನ ರೀಟ್‌ಬರ್ಗ್ ಮ್ಯೂಸಿಯಂನಲ್ಲಿ. ಹೆಂಗಸರ ಕೋಣೆಗೆ ಸರಿ ಅಂದವನ ಮಾತು ಓದಿದಾಗ ನನಗೆ ಸಿಟ್ಟೇ ಬಂತು, ಮೂವತ್ತು ವರ್ಷ ತಂತಿ ಬಗ್ಗಿಸಿದ ಹೆಂಗಸಿನ ಬೆರಳು ನೋಡಿದ ಮೇಲೆ ಅಂಥ ಮಾತು ತಡ್ಕೊಳ್ಳೋದು ಕಷ್ಟ. ನೈನೈ ಬಲಗೈ ಹೆಬ್ಬೆರಳು ಚಿಮಟ ಹಿಡಿದ ಭಂಗಿಯಲ್ಲೇ ಸ್ವಲ್ಪ ಬಾಗಿಹೋಗಿದೆ.

ಸಿಂಹಾಸನದ ಹತ್ರ ಆನೆ ಪಕ್ಕದಲ್ಲೇ ಇನ್ನೊಂದು ಜೋಡಿ ಇದೆ, ಒಂದು ಕೊಂಬಿನ, ಗಿಡ್ಡ ಕಾಲಿನ, ಬಾಯಿ ತೆರೆದ ಪ್ರಾಣಿ. ಲುದ್ವಾನ್ ಅಂತ. ಧೂಪದ ಪಾತ್ರೆ ಅದು, ತಲೆಯೇ ಮುಚ್ಚಳ, ಹೊಟ್ಟೇಲಿ ಧೂಪ ಇಟ್ರೆ ಬಾಯಿಂದ ಹೊಗೆ ಬರುತ್ತೆ. ದಿನಕ್ಕೆ 18,000 ಲಿ (ಒಂದು ಲಿ ಅಂದ್ರೆ ಸುಮಾರು ಅರ್ಧ ಕಿಲೋಮೀಟರ್) ದೂರ ಓಡುತ್ತೆ, ಎಲ್ಲಾ ದೇಶದ ಭಾಷೆ ಬರುತ್ತೆ, ನ್ಯಾಯವಂತ ರಾಜ ಇದ್ದ ಕಡೆ ಮಾತ್ರ ಕಾಣಿಸುತ್ತೆ ಅಂತ ನಂಬಿಕೆ. ಯುವಾನ್ ರಾಜವಂಶದ ಅಧಿಕೃತ ಚರಿತ್ರೇಲಿ ಇದರ ಬಗ್ಗೆ ಒಂದು ಕಥೆ ಇದೆ, ಅದು ನಮ್ಮನ್ನೂ ಮುಟ್ಟುತ್ತೆ. 1224ರಲ್ಲಿ ಚೆಂಗಿಸ್ ಖಾನನ ಸೈನ್ಯ ಪೂರ್ವ ಇಂಡಿಯಾವರೆಗೆ ಬಂದು ಕಬ್ಬಿಣದ ಬಾಗಿಲು ಅನ್ನೋ ಕಣಿವೇಲಿ ಬೀಡು ಬಿಟ್ಟಿತ್ತಂತೆ. ಆಗ ಜಿಂಕೆ ಥರದ, ಕುದುರೆ ಬಾಲದ, ಹಸಿರು ಬಣ್ಣದ ಒಂದು ಕೊಂಬಿನ ಪ್ರಾಣಿ ಕಾಣಿಸಿಕೊಂಡು ಕಾವಲುಗಾರರಿಗೆ ಮನುಷ್ಯರ ಮಾತಲ್ಲಿ "ನಿಮ್ಮ ಒಡೆಯ ಬೇಗ ವಾಪಸ್ ಹೋಗೋದು ಒಳ್ಳೇದು" ಅಂತು. ಖಾನ್ ತನ್ನ ಮಂತ್ರಿ ಯೆಲ್ಯು ಛುತ್ಸಾಯ್‌ನ ಕೇಳ್ದ. ಅವನು, ಇದು ಎಲ್ಲಾ ಭಾಷೆ ಬಲ್ಲ ಶುಭಪ್ರಾಣಿ, ಜೀವ ಉಳಿಸೋದು ಇದಕ್ಕೆ ಇಷ್ಟ, ಕೊಲ್ಲೋದು ಕಂಡ್ರೆ ಆಗಲ್ಲ, ದೇವಲೋಕ ನಿಮಗೆ ಕಳಿಸಿದ ಸೂಚನೆ ಅಂದ. ಅವತ್ತೇ ಸೈನ್ಯ ತಿರುಗಿ ಹೊರಟಿತು ಅಂತ ಚರಿತ್ರೆ ಹೇಳುತ್ತೆ.

ನಾನು ಈ ಕಥೇನ ಎಷ್ಟು ಸಲ ಓದಿದೀನೋ. ಯುದ್ಧ ಸಾಕು ಅಂತ ನೇರವಾಗಿ ಹೇಳಿದ್ರೆ ತಲೆ ಹೋಗಬಹುದಾದ ಮಂತ್ರಿಗೆ ಹೇಳೋಕೆ ಒಂದು ಪ್ರಾಣಿ ಬೇಕಾಯ್ತು ಅಂತ ನನಗನ್ಸುತ್ತೆ. ಐನೂರು ವರ್ಷ ಆದಮೇಲೆ ಚಿಂಗ್ ಚಕ್ರವರ್ತಿಗಳು, ಚಿಯೆನ್‌ಲಾಂಗ್‌ನಂಥ ದಂಡಯಾತ್ರೆಗಳ ಚಕ್ರವರ್ತಿ ಕೂಡ, ಕೊಲ್ಲೋದು ಕಂಡ್ರೆ ಆಗದ ಆ ಪ್ರಾಣೀನ ಸಿಂಹಾಸನದ ಎಡಬಲ ಇಟ್ಕೊಂಡು ಕೂರ್ತಿದ್ರು. ಅದರ ಬಾಯಿಂದ ಮಾತಿನ ಬದಲು ಹೊಗೆ ಬರ್ತಿತ್ತು.

ಅದೇ ಜಾತಿಯ ಇನ್ನೊಂದು ಪುರಾಣಪ್ರಾಣಿ ಚಿಲಿನ್ ಬಗ್ಗೆ ಒಂದೇ ಮಾತು. 1414ರಲ್ಲಿ ಬಂಗಾಳದ ಸುಲ್ತಾನ ಮಿಂಗ್ ದರ್ಬಾರಿಗೆ ಆಫ್ರಿಕಾದ ಜಿರಾಫೆ ಕಳಿಸಿದ, ಅಲ್ಲಿನವರು ಅದನ್ನ ನೋಡಿ ಇದೇ ನಮ್ಮ ಚಿಲಿನ್ ಅಂದ್ರು. ಆನೆಗೆ ಮೂಳೆಯಿಂದ ಕಲ್ಪನೆ ಹುಟ್ಟಿದ್ರೆ ಇಲ್ಲಿ ಕಲ್ಪನೆ ಮೊದಲೇ ಇತ್ತು, ಪ್ರಾಣಿ ಆಮೇಲೆ ಬಂತು.

1860ರಲ್ಲಿ ಬ್ರಿಟಿಷರು ಫ್ರೆಂಚರು ಸೇರಿ ಬೀಜಿಂಗಿನ ಬೇಸಿಗೆ ಅರಮನೆ ಯುವಾನ್‌ಮಿಂಗ್‌ಯುವಾನ್ ಲೂಟಿ ಮಾಡಿ ಸುಟ್ರು. ಅಲ್ಲಿದ್ದ ಎನಾಮೆಲ್ ಪ್ರಾಣಿಗಳು ಯುರೋಪಿನ ತುಂಬಾ ಚೆದುರಿದ್ವು. ಆ ದಂಡಯಾತ್ರೇಲಿ ಭಾರತದ ಸಿಪಾಯಿಗಳೂ ಇದ್ರು, ಈಗ ಬೆಂಗಳೂರಲ್ಲಿ ಕೇಂದ್ರ ಇರೋ ಮದ್ರಾಸ್ ಸ್ಯಾಪರ್ಸ್ ರೆಜಿಮೆಂಟಿನ ಯುದ್ಧಗೌರವದ ಪಟ್ಟೀಲಿ ಪೀಕಿಂಗ್ 1860 ಅಂತ ಇದೆ. ಹಲಸೂರು ಕಡೆ ಬಸ್ಸಲ್ಲಿ ಹೋಗುವಾಗ ಇದು ನೆನಪಾದ್ರೆ ಸುಮ್ಮನೆ ಕಿಟಕಿ ಆಚೆ ನೋಡ್ತಾ ಕೂರ್ತೀನಿ. ಫ್ರೆಂಚರ ಪಾಲಿಗೆ ಹೋದ ಎಷ್ಟೋ ವಸ್ತುಗಳು ಪ್ಯಾರಿಸ್ ಹತ್ರದ ಫಾಂಟೆನ್‌ಬ್ಲೋ ಅರಮನೆಯ ಚೀನೀ ಮ್ಯೂಸಿಯಂ ಸೇರಿದ್ವು. 2015ರ ಮಾರ್ಚಲ್ಲಿ ಅಲ್ಲಿ ಕಳ್ಳತನ ಆಯ್ತು, ಏಳು ನಿಮಿಷದೊಳಗೆ ಹದಿನೈದು ವಸ್ತು ಎತ್ಕೊಂಡು ಹೋದ್ರು, ಅದ್ರಲ್ಲಿ ಚಿಯೆನ್‌ಲಾಂಗ್ ಕಾಲದ ಒಂದು ಎನಾಮೆಲ್ ಪುರಾಣಪ್ರಾಣಿಯೂ ಇತ್ತು. ಎರಡು ಸಲ ಕದ್ದ ಪ್ರಾಣಿ.

ಇಷ್ಟಾದ್ರೂ ಕಸುಬು ಉಳೀತಲ್ಲ, ಅದಕ್ಕೆ ಕೆಲವರ ಹಟ ಕಾರಣ. 1950ರ ಹೊತ್ತಿಗೆ ಬೀಜಿಂಗಲ್ಲಿ ಈ ಕೆಲಸ ಹೆಚ್ಚುಕಮ್ಮಿ ನಿಂತೇಹೋಗಿತ್ತು. ಆಗ ವಾಸ್ತುಶಿಲ್ಪಿ ಲಿನ್ ಹ್ವೇಯಿನ್, ಕ್ಷಯದಿಂದ ಹಾಸಿಗೆ ಹಿಡಿದಿದ್ದ ಹೆಂಗಸು, ಗಂಡ ಲಿಯಾಂಗ್ ಸಿಚೆಂಗ್ ಜೊತೆ ಸೇರಿ ಚಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಒಂದು ಪುಟ್ಟ ತಂಡ ಕಟ್ಟಿದ್ರು. ಚಿಯೆನ್ ಮೈಹ್ವಾ ಅನ್ನೋ ಯುವತಿ ಆ ತಂಡದಲ್ಲಿದ್ದು ಮುಂದೆ ಜೀವನಪೂರ್ತಿ ಇದೇ ಕೆಲಸ ಮಾಡಿದ್ರು. ಲಿನ್ 1955ರಲ್ಲಿ ತೀರಿಕೊಂಡ್ರು. ಮರುವರ್ಷ 42 ಖಾಸಗಿ ವರ್ಕ್‌ಶಾಪುಗಳು ಒಂದಾಗಿ ಬೀಜಿಂಗ್ ಎನಾಮೆಲ್ ಫ್ಯಾಕ್ಟರಿ ಆಯ್ತು, 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೇ ಈ ಕಲೆ ಸೇರಿತು.

ನಾನು ಊರಿಗೆ ವಾಪಸ್ ಬಂದ ಮೇಲೂ ನೈನೈ ಮೊಮ್ಮಗಳ ಫೋನಿಂದ ಆಗಾಗ ಮಾತಾಡ್ತಿದ್ರು. 2021ರಲ್ಲಿ ಯುನ್ನಾನಿನ ಒಂದು ಆನೆ ಹಿಂಡು ಕಾಡು ಬಿಟ್ಟು ನೂರಾರು ಕಿಲೋಮೀಟರ್ ಉತ್ತರಕ್ಕೆ ನಡೀತಲ್ಲ, ಟಿವಿಯವರು ದಿನಾ ತೋರಿಸ್ತಿದ್ರಲ್ಲ, ಆಗ ಅವರು ಬಿಡದೆ ನೋಡಿದ್ರಂತೆ. ಆದ್ರೆ ಎಲ್ಲಾ ಡ್ರೋನಿಂದ ತೆಗೆದದ್ದು, ಮೇಲಿಂದ ಬೆನ್ನು ಕಾಣುತ್ತೆ ಅಷ್ಟೇ, ಕಾಲು ಕಾಣಲ್ಲ ಅಂತ ಬೇಜಾರು ಮಾಡ್ಕೊಂಡ್ರು.

ಆ ಮಾತು ನನ್ನ ಮನಸ್ಸಲ್ಲೇ ಉಳಿದಿತ್ತು. ಆಮೇಲೆ ಒಂದು ವರ್ಷ ದಸರಾಕ್ಕೆ ಮುಂಚೆ ಮೈಸೂರಿಗೆ ಹೋದಾಗ ಅರಮನೆ ಆವರಣದಲ್ಲಿ ಆನೆಗಳಿಗೆ ಸ್ನಾನ ಮಾಡಿಸ್ತಿದ್ರು. ಮಾವುತರನ್ನ ಕೇಳ್ಕೊಂಡು ಸ್ವಲ್ಪ ಹತ್ರ ಕೂತು ಹತ್ತು ನಿಮಿಷದ ವಿಡಿಯೋ ಮಾಡ್ದೆ, ಬರೀ ಕಾಲಿಂದು. ಆನೆ ಮುಂಗಾಲು ಮಡಿಸಿ ಮಲಗೋದು, ಎದ್ದೇಳೋದು, ನೀರು ಚರ್ಮದ ಮಡಿಕೇಲಿ ಇಳಿಯೋದು. ಕಳಿಸಿದೆ. ಎರಡು ದಿನ ಏನೂ ಉತ್ತರ ಇಲ್ಲ. ಮೂರನೇ ದಿನ ಒಂದು ಫೋಟೋ ಬಂತು, ಊಟದ ಟೇಬಲ್ಲು, ಅದೇ ಹಳೇ ಚಿಮಟ, ಹೊಸ ತಂತಿ, ಒಂದು ಕಾಗದದ ಮೇಲೆ ಪೆನ್ಸಿಲಲ್ಲಿ ಬರೆದ ಆನೆ ಮೊಣಕಾಲು. ಗೆರೆಗಳು ಅಡ್ಡಡ್ಡ ಹೋಗದೆ ಮೊಣಕಾಲ ಸುತ್ತ ಬಲೆ ಥರ ಒಂದಕ್ಕೊಂದು ಸೇರಿದ್ವು. ಕೆಳಗೆ ಮೊಮ್ಮಗಳು ಟೈಪ್ ಮಾಡಿದ್ಲು, ಮುಂಗಾಲು ಸಾಕಾಗಿದೆಯಂತೆ, ಹಿಂಗಾಲಿನ ಹಿಂಭಾಗ ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ವಿಡಿಯೋ ಬೇಕಂತೆ ಅಂತ.